ತುಂಗೆಗೆ ಬಿಟ್ಟ ಎಳ್ಳುನೀರು

ಹರಕೆ ಹೊರುವಾಗ ಕೈಯಲ್ಲಿ ಯಾವ ತಂಬಿಗೆ ಇದೆ ಎಂದು ಗುತ್ಯಮ್ಮ ನೋಡಿಕೊಂಡಿರಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ವರ್ಷ, ದೀಪಾವಳಿ ಕಳೆದ ವಾರ. ಸೊಸೆ ಪುಷ್ಪಮ್ಮನಿಗೆ ನೋವು ಶುರುವಾಗಿ ಒಂದು ಹಗಲು, ಒಂದು ಇರುಳು ಆಗಿತ್ತು. ಸೂಲಗಿತ್ತಿ ಮಾತು ನಿಲ್ಲಿಸಿದ್ದಳು. ವಟಗುಟ್ಟುವ ಸೂಲಗಿತ್ತಿ ಸುಮ್ಮನಾದರೆ ಹೆದರಬೇಕು ಎಂಬುದು ಗುತ್ಯಮ್ಮನಿಗೆ ಗೊತ್ತು. ಬಿಸಿನೀರು ತರಲೆಂದು ಕೈಗೆ ಸಿಕ್ಕ ತಂಬಿಗೆ ಎತ್ತಿಕೊಂಡು ಹೊರಟವಳು ಹಿತ್ತಿಲ ಬಾಗಿಲಲ್ಲೇ ನಿಂತು, ಇಕ್ಕೇರಿ ಇರುವ ದಿಕ್ಕಿಗೆ ಮುಖ ಮಾಡಿ, ಅಘೋರೇಶ್ವರನ ಹತ್ತಿರ ಮಾತಾಡಿದಳು.

"ಎರಡು ಜೀವ ಎರಡಾಗಿ ಉಳಿಸ್ಕೊಡು ತಂದೆ. ಬರೋ ಶಿವರಾತ್ರಿಗೆ ನನ್ನ ಕೊಟ್ಟಿಗೆ ಹಾಲೇ, ಒಂದೇ ಕರಾವಿಂದು, ಹನಿ ನೀರು ಸೋಕಿಸ್ದೆ, ಈ ತಂಬಿಗೆ ಬಾಯಿಗೆ ಬರೋವಷ್ಟು ತಂದು ನಿಂಗೆ ಹುಯ್ಯಿಸ್ತೀನಿ."

ದೇವರಿಗೆ ಆ ಹೊತ್ತು ಬೇರೆ ಕೆಲಸ ಇರಲಿಲ್ಲವೋ ಏನೋ. ನೀರು ಕಾಯುವುದರೊಳಗೆ ಒಳಗಿನಿಂದ ಕೂಸು ಅತ್ತ ಸದ್ದು ಕೇಳಿತು. ಹೆಣ್ಣು ಕೂಸು; ತಾಯಿಯೂ ಕ್ಷೇಮ. ಗುತ್ಯಮ್ಮ ಕಣ್ಣೊರೆಸಿಕೊಂಡು ತಂಬಿಗೆಯನ್ನು ಕೆಳಗಿಟ್ಟಳು. ಇಟ್ಟ ಮೇಲೆ ನೋಡಿದಳು. ಅದು ದಿನಬಳಕೆಯ ಸಣ್ಣ ತಂಬಿಗೆಯಲ್ಲ. ಅತ್ತೆಯ ಕಾಲದ್ದು, ಹಬ್ಬಕ್ಕೋ ಮದುವೆಗೋ ಮಾತ್ರ ಅಟ್ಟದಿಂದ ಇಳಿಯುವ ಹಿತ್ತಾಳೆಯ ದೊಡ್ಡ ತಂಬಿಗೆ. ದೀಪಾವಳಿಗೆ ಇಳಿಸಿದ್ದನ್ನು ಮತ್ತೆ ಮೇಲಿಟ್ಟಿರಲಿಲ್ಲ. ಹೊಟ್ಟೆ ಕುಂಬಳಕಾಯಿಯ ಹಾಗೆ, ಮೇಲೆ ಹೆಗಲು, ಆಮೇಲೆ ಕುತ್ತಿಗೆ, ಅದರ ಮೇಲೆ ಬಾಯಿ. ಕೂಸಿಗೂ ಅಷ್ಟು ಅವಯವ ಇರಲಿಲ್ಲವೇನೋ ಅನ್ನಿಸುವಂಥ ತಂಬಿಗೆ.

ಕೊಟ್ಟಿಗೆಯಲ್ಲಿ ಕರೆಯುವ ಹಸು ಒಂದೇ. ಗುತ್ಯಮ್ಮನ ತಂಗಿ ತುಂಗಮ್ಮನನ್ನು ತೀರ್ಥಹಳ್ಳಿ ಕಡೆ ಕೋಣಂದೂರಿಗೆ ಕೊಟ್ಟಿತ್ತು. ಅವಳ ಮನೆಯಿಂದ ಬಂದ ಹೆಂಗರು ಈಗ ಬೆಳೆದು ಹಸುವಾಗಿ, ಕೊಟ್ಟವಳ ಹೆಸರು ಉಳಿಯಲಿ ಎಂದು ತುಂಗೆ ಅನ್ನಿಸಿಕೊಂಡಿತ್ತು. ಇದು ತಂಗಿಗೆ ಅಷ್ಟು ಹಿಡಿಸಿರಲಿಲ್ಲ. ಗುತ್ಯಮ್ಮನಿಗಾದರೋ ಹಸು 'ಅದು' ಅಲ್ಲ, 'ಅವಳು'. ಗಂಡ ಹುಲಿಯಪ್ಪ ತೀರಿಕೊಂಡ ಮೇಲೆ ಮನಸ್ಸಿನ ಮಾತೆಲ್ಲ ಅವಳ ಹತ್ತಿರವೇ.

ಸಂಕ್ರಾಂತಿ ಕಳೆದ ಮಾರನೆಯ ದಿನ, ನೋಡೋಣ ಎಂದು ಬೆಳಗಿನ ಹಾಲನ್ನು ಆ ತಂಬಿಗೆಗೇ ಕರೆದಳು. ಹಾಲು ತಂಬಿಗೆಯ ಹೊಟ್ಟೆಯ ಅರ್ಧಕ್ಕಿಂತ ತುಸು ಮೇಲೆ ಬಂದು ನಿಂತಿತು. ತುಂಗೆ ಹಿಂದಿರುಗಿ ನೋಡಿ, ಇನ್ನೇನಿದೆ ನನ್ನ ಹತ್ತಿರ ಎನ್ನುವಂತೆ ಕಿವಿ ಬಡಿದಳು. ಹಸಿರು ಮೇವು ಮುಗಿದು ಒಣಹುಲ್ಲಿನ ಕಾಲ ಬಂದಿತ್ತು. ಶಿವರಾತ್ರಿಗೆ ಐದು ವಾರ. ದೇವರು ತನ್ನ ಮಾತು ನೀರು ಕಾಯುವಷ್ಟರಲ್ಲಿ ನಡೆಸಿಕೊಟ್ಟಿದ್ದಾನೆ. ತಾನು ಹೇಳಿಕೊಂಡ ಹಾಲು ತಂಬಿಗೆಯ ಹೊಟ್ಟೆಯಲ್ಲೇ ನಿಂತರೆ ಅವನ ಮುಂದೆ ಯಾವ ಮುಖ ಹೊತ್ತು ಹೋಗುವುದು? ಗುತ್ಯಮ್ಮನಿಗೆ ಅನ್ನ ಸೇರದಾಯಿತು.

ಅವ್ವನ ಚಿಂತೆ ನೋಡಲಾರದೆ ಮಗ ಭೂತಪ್ಪ ಒಂದು ದಿನ ಗ್ರಾಮಸೇವಕ ಮಹಾಗಣಪತಿಯವರನ್ನು ಗದ್ದೆ ಬದುವಿನಲ್ಲಿ ತಡೆದು ನಿಲ್ಲಿಸಿದ. ಮಹಾಗಣಪತಿ ಹೊಸನಗರದ ಕಡೆಯವರು. ಬ್ಲಾಕ್ ಆಫೀಸಿನಿಂದ ಬಂದ ಕಾಗದದ ಕಟ್ಟನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದುಕೊಂಡು ಊರೂರು ತಿರುಗುತ್ತಿದ್ದರು. ಯಾರಾದರೂ ತಾವಾಗಿಯೇ ಬಂದು ಸಲಹೆ ಕೇಳಿದ್ದು ಅವರಿಗೆ ಅದೇ ಮೊದಲು. ಸೈಕಲ್ಲನ್ನು ಬದುವಿಗೆ ಒರಗಿಸಿ, ಕಟ್ಟು ಬಿಚ್ಚಿ, ಎಲ್ಲವನ್ನೂ ಹೇಳಿದರು. ಬರೀ ಒಣಹುಲ್ಲು ಅಕ್ಕಚ್ಚು ಕೊಟ್ಟರೆ ಹಸು ಹಾಲನ್ನು ಎಂತ, ಆಕಾಶದಿಂದ ತರ್ತದಾ? ಕಾಳು ಬೀಜ ಸೇರಬೇಕು. ಹತ್ತಿಬೀಜ ಆದೀತು, ಅಗಸೆ ಆದೀತು, ಮೆಂತ್ಯ ಆದೀತು. ಯಾವುದೂ ಇಲ್ಲದಿದ್ದರೆ ಮನೆಯಲ್ಲಿರುವ ಎಳ್ಳೇ ಆದೀತು. ಇರುಳು ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಮೂರು ಹಿಡಿ, ನೀರಿನ ಸಮೇತ ಹಸು ಅಕ್ಕಚ್ಚು ಕುಡಿಯುವ ಮರಿಗೆಗೆ ಬಿಡುವುದು.

ಭೂತಪ್ಪ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ. ಹಕ್ಕಲಿನಲ್ಲಿ ಬೆಳೆದ ಕರೇ ಎಳ್ಳು ಮನೆಯಲ್ಲಿತ್ತು. ಅವ್ವನಿಗೆ ಹೇಳಿದರೆ ಆಸೆ ಇಟ್ಟುಕೊಳ್ಳುತ್ತಾಳೆ, ಹಾಲು ಏರಿದ ಮೇಲೇ ತಿಳಿಯಲಿ ಎಂದುಕೊಂಡು ಸದ್ದಿಲ್ಲದೆ ನೆನೆಹಾಕಿದ. ಬೆಳಗಾಗೆದ್ದು ಮಿಂದು, ಮೈ ಮೇಲೆ ಬರೀ ಒಂದು ಪಂಚೆ, ಕೈಯಲ್ಲಿ ಎಳ್ಳಿನ ಬಟ್ಟಲು, ಕೊಟ್ಟಿಗೆಗೆ ಹೋದ. ಮರಿಗೆ ಇದ್ದದ್ದು ತೆಂಕಣ ಗೋಡೆಗೆ. ಬಗ್ಗಿ ಕೂತು, ನೆಂದ ಎಳ್ಳನ್ನು ಹಿಡಿಯಲ್ಲಿ ತುಂಬಿ, ಹೆಬ್ಬೆರಳ ಸಂದಿನಿಂದ ನೀರು ಇಳಿಯುವ ಹಾಗೆ ಮರಿಗೆಗೆ ಬಿಟ್ಟ. "ಒಂದು" ಅಂದ. ಮತ್ತೊಂದು ಹಿಡಿ ಬಿಟ್ಟು "ಎರಡು" ಅಂದ.

ಸಗಣಿ ತೆಗೆಯಲು ಬಂದ ಗುತ್ಯಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಮಗ ಮಿಂದಿದ್ದಾನೆ. ಒದ್ದೆ ಕೂದಲು. ತೆಂಕಣಕ್ಕೆ ಮುಖ. ಹೆಬ್ಬೆರಳ ಮೇಲಿಂದ ಕರೇ ಎಳ್ಳು, ನೀರು. ಎದುರಿಗೆ ತುಂಗೆ.

"ಮೂರು" ಎಂದು ಭೂತಪ್ಪ ಕೈ ಕೊಡವಿದ.

ಗುತ್ಯಮ್ಮ ಸಗಣಿ ಬುಟ್ಟಿಯನ್ನು ಕವುಚಿ ಹಾಕಿ ಅದರ ಮೇಲೇ ಕೂತುಬಿಟ್ಟಳು. ದನಿಯೂ ಏರಲಿಲ್ಲ.

"ಜೀವ ಇರೋ ದನಕ್ಕೆ ಎಳ್ಳುನೀರು ಬಿಟ್ಯಲ್ಲೋ ಮಗನೆ."

ಭೂತಪ್ಪ ಗ್ರಾಮಸೇವಕರ ಹೆಸರು ಹೇಳಿದ, ಕಾಗದದ ಕಟ್ಟಿನ ವಿಷಯ ಹೇಳಿದ, ಎಣ್ಣೆಕಾಳಿನ ಗುಣ ಹೇಳಿದ. ಅವನು ಹೇಳಿದ್ದೆಲ್ಲ ಅವಳ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಎಳ್ಳನ್ನು ನೀರಿನ ಜೊತೆ ಕೈಯಿಂದ ಬಿಡುವುದು ಯಾರಿಗೆ? ಹೋದವರಿಗೆ. ಆಸೆ ಬಿಟ್ಟ ಕೆಲಸಕ್ಕೂ ಜನ ಹಾಗೇ ತಾನೆ ಅನ್ನುವುದು, ಅದಕ್ಕೆ ಎಳ್ಳುನೀರು ಬಿಟ್ಟಾಯ್ತು ಎಂದು? ಇನ್ನು ತುಂಗೆಯ ಹಾಲು ಈ ಲೋಕದ್ದಲ್ಲ. ಹುಲಿಯಪ್ಪನವರಿಗೋ ಅವರ ಅಪ್ಪನಿಗೋ ಹೋಯಿತು. ಅಷ್ಟರಲ್ಲಿ ಕೊಟ್ಟಿಗೆಯ ಕಿಂಡಿಯಿಂದ ಒಂದು ಕಾಗೆ ಇಳಿದು ಬಂದು, ತುಂಗೆಯ ಮೂಗಿನ ಪಕ್ಕದಲ್ಲೇ ಮರಿಗೆಯಂಚಿಗೆ ಕೂತು, ಎಳ್ಳು ಹೆಕ್ಕತೊಡಗಿತು.

"ನೋಡು" ಎಂದಳು ಗುತ್ಯಮ್ಮ. ಭೂತಪ್ಪ ನೋಡಿದ.

ಆ ದಿನ ಮನಸ್ಸು ಕೆಟ್ಟ ಗುತ್ಯಮ್ಮನ ಕೈಗೆ ತುಂಗೆಯೂ ಸರಿಯಾಗಿ ಸೊರೆ ಬಿಡಲಿಲ್ಲ. ಹಾಲು ಮತ್ತೂ ಒಂದು ಬೆರಳು ಕೆಳಗಿಳಿಯಿತು. ಇನ್ನು ಎಳ್ಳಿನ ಮಾತೆತ್ತಕೂಡದು ಎಂದು ಮಗನಿಗೆ ಆಣೆ ಹಾಕಿಸಿ, ಜಗಲಿಯ ಕಂಬಕ್ಕೆ ಒರಗಿ ಕೂತು, ಸೊಸೆಯ ಹತ್ತಿರ ಒಂದೇ ಮಾತು ಆಡುತ್ತಿದ್ದಳು: "ತುಂಗೆಗೆ ಎಳ್ಳುನೀರು ಬಿಟ್ಟಾಯ್ತಲ್ಲೇ ಪುಷ್ಪಾ. ನಮ್ಮ ಕೈಯಾರೆ ಬಿಟ್ಟಾಯ್ತಲ್ಲ."

ಮಜ್ಜಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆ ಹಾಲಮ್ಮ ಈ ಮಾತನ್ನು ಅಂಗಳದಲ್ಲೇ ಕೇಳಿದಳು. ಹಸುವಿನ ಹೆಸರು ಅವಳಿಗೆ ಗೊತ್ತಿರಲಿಲ್ಲ, ಕೋಣಂದೂರಿನ ತುಂಗಮ್ಮ ಗೊತ್ತು; ಹೋದ ಬೇಸಿಗೆಯಲ್ಲಿ ಬಂದಾಗ ಒಟ್ಟಿಗೆ ಕೂತು ಹಪ್ಪಳ ಒತ್ತಿದ್ದರು. ಸೂತಕದ ಮನೆಯಲ್ಲಿ ಹೆಪ್ಪು ಕೇಳಬಾರದು, ಏನಾಯಿತು ಎಂದು ಕೆದಕಲೂ ಬಾರದು. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ತಿರುಗಿ ಗಂಡ ಜಯಪ್ಪನಿಗೆ ಹೇಳಿದಳು. ಜಯಪ್ಪ ಗೋಣಿಚೀಲ ಮಾರಲು ಸಾಗರದ ಪೇಟೆಗೆ ಹೊರಟಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಕೋಣಂದೂರಿನ ಒಬ್ಬ ಪರಿಚಯದವನು ಸಿಕ್ಕಿದ. ಛೇ, ನಿಮ್ಮೂರಿನ ತುಂಗಮ್ಮನಿಗೆ ಹೀಗಾಗಬಾರದಿತ್ತು ಎಂದು ಜಯಪ್ಪ ಅವನಿಗೆ ಸಮಾಧಾನ ಹೇಳಿ ಕಳಿಸಿದ.

ಮಾರನೆಯ ದಿನದಿಂದ ಗುತ್ಯಮ್ಮನ ಜಗಲಿಗೆ ಜನ ಬರತೊಡಗಿದರು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ. ದುಃಖದ ಮನೆಗೆ ಬಂದವರು ಹೋದವರ ಹೆಸರೆತ್ತುವುದಿಲ್ಲ, ಸುಮ್ಮನೆ ಕೂತು ಎದ್ದು ಹೋಗುತ್ತಾರೆ. ಒಂದು ಹಸುವಿಗಾದ ಅಪಚಾರಕ್ಕೆ ಊರಿಗೆ ಊರೇ ಮರುಗುತ್ತಿದೆಯಲ್ಲ ಎಂದು ಗುತ್ಯಮ್ಮನ ಮನಸ್ಸು ತುಂಬಿ ಬಂತು. ಹಾಲಮ್ಮ ಜಯಪ್ಪ ಇಬ್ಬರೂ ಬಂದು ಕೂತರು. ಬಹಳ ಹೊತ್ತಾದ ಮೇಲೆ ಹಾಲಮ್ಮ, ಕಡೇ ಹೊತ್ತಿಗೆ ಬಾಯಿಗೆ ಏನಾದರೂ ಹೋಯಿತಾ ಎಂದು ಮೆಲ್ಲಗೆ ಕೇಳಿದಳು.

"ಹೋಯ್ತು ಮಾರಾಯ್ತಿ. ಮರಿಗೆ ನೆಕ್ಕಿ ನೆಕ್ಕಿ ತಿಂದ್ಳು. ಅವಳಿಗೆಂತ ಗೊತ್ತಾಗ್ಬೇಕು ಪಾಪ."

ಅಷ್ಟು ಅಚ್ಚುಕಟ್ಟಾದ ಹೆಂಗಸು ಮರಿಗೆ ನೆಕ್ಕುವ ಸ್ಥಿತಿಗೆ ಬಂದಳೇ ಎಂದು ಹಾಲಮ್ಮನ ಕಣ್ಣು ಒದ್ದೆಯಾಯಿತು. "ಒಳ್ಳೆ ಸ್ವಭಾವದೋಳು" ಎಂದಳು.

"ಒಳ್ಳೇವ್ಳೇ. ಒದೆಯೋದೊಂದು ಬಿಟ್ರೆ."

ಜಯಪ್ಪ ತಲೆಯೆತ್ತಿದ.

"ಅದೂ ಹೆಂಗಸರಿಗಲ್ಲ. ಗಂಡಸರು ಹತ್ರ ಹೋದ್ರೆ ಮಾತ್ರ" ಎಂದು ಗುತ್ಯಮ್ಮ ನ್ಯಾಯವಾದದ್ದನ್ನು ಹೇಳಿದಳು. "ಹೋದ ತಿಂಗಳು ನಿಮ್ಮ ಗದ್ದೆ ಬೇಲಿ ಮುರ್ದು ಒಳಗೆ ನುಗ್ಗಿದ್ದೂ ಅವಳೇ ಕಣೋ ಜಯಪ್ಪ. ಆಗ ಹೇಳ್ಳಿಲ್ಲ. ಈಗ ಮುಚ್ಚಿಟ್ಟು ಎಂತಾ ಆಗ್ಬೇಕು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ದುಃಖ ತಲೆಗೇರಿದೆ, ಪಾಪ, ಎಂದು ಎದ್ದು ಹೋದರು.

ಐದನೆಯ ದಿನ ಮಧ್ಯಾಹ್ನ ತುಂಗಮ್ಮನೇ ಬಂದಳು. ಕೋಣಂದೂರಿನಿಂದ ಹುಂಚದ ಮೇಲಾಗಿ ಹೊಸನಗರ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸಾಗರ, ಸಾಗರದಿಂದ ನಡಿಗೆ. ಮೈಯೆಲ್ಲ ಕೆಮ್ಮಣ್ಣಿನ ಧೂಳು, ಕಂಕುಳಲ್ಲಿ ಗಂಟು. ಅಂಗಳದಲ್ಲಿ ಭತ್ತ ಹರವುತ್ತಿದ್ದ ಹಾಲಮ್ಮ ಅವಳನ್ನು ನೋಡಿ, ಒಳಗೆ ಹೋಗಿ ಕದ ಹಾಕಿಕೊಂಡಳು. ತುಂಗಮ್ಮ ಅಕ್ಕನ ಜಗಲಿ ಹತ್ತಿ, ಗಂಟು ಇಳಿಸಿ, ಕಾಲು ಚಾಚಿ ಕೂತಳು.

"ಅಕ್ಕಾ, ನಾನು ತೀರ್ಕೊಂಡಿದೀನಂತೆ. ನಿಂಗೇನಾದ್ರೂ ಗೊತ್ತಾ?"

ಗುತ್ಯಮ್ಮ ನೀರು ಬೆಲ್ಲ ತರಲು ಎದ್ದವಳು ಅಲ್ಲೇ ನಿಂತಳು. ಸಂತೆಯಲ್ಲಿ ಒಣಮೀನು ಆರಿಸುತ್ತಿದ್ದಾಗ ಸಾಗರಕ್ಕೆ ಹೋಗಿ ಬಂದಿದ್ದ ಊರಿನವನೊಬ್ಬ ತನ್ನನ್ನು ಕಂಡು ಮೂರು ಹೆಜ್ಜೆ ಹಿಂದೆ ಸರಿದದ್ದು, ಅವನ ಬಾಯಿ ಬಿಡಿಸಿದ್ದು, ಅಕ್ಕನ ಮನೆಯಲ್ಲೇ ತನಗೆ ಎಳ್ಳುನೀರು ಬಿಟ್ಟಿದ್ದಾರೆ ಎಂದು ತಿಳಿದದ್ದು, ಎಲ್ಲವನ್ನೂ ತುಂಗಮ್ಮ ಕ್ರಮವಾಗಿ ಹೇಳಿದಳು. ಹೇಳುತ್ತಲೇ ಗಂಟು ಬಿಚ್ಚಿದಳು. ಒಳಗೆ ನಾಲ್ಕು ಅಚ್ಚು ಬೆಲ್ಲ.

"ತಿಥಿಮನೆಗೆ ಬರಿಗೈಲಿ ಬರ್ಬಾರ್ದು ಅಂತ ನನ್ನ ತಿಥಿಗೆ ನಾನೇ ತಂದೆ."

ಪುಷ್ಪಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಓಡಿದಳು. ಅವಳು ನಗುತ್ತಿದ್ದುದು ಅಡುಗೆಮನೆಯಿಂದ ಕೇಳುತ್ತಿತ್ತು. ಗುತ್ಯಮ್ಮನಿಗೆ ಮಾತ್ರ ನಗು ಬರಲಿಲ್ಲ. ತಂಗಿಯ ಕೈ ಹಿಡಿದು ನಡೆದದ್ದನ್ನೆಲ್ಲ ಹೇಳಿಕೊಂಡಳು: ಹರಕೆ, ದೊಡ್ಡ ತಂಬಿಗೆ, ಹೊಟ್ಟೆಯಲ್ಲೇ ನಿಂತ ಹಾಲು, ಗ್ರಾಮಸೇವಕರ ಬೀಜ, ಮಗನ ಮೂರು ಹಿಡಿ, ಕಾಗೆ. ಶಿವರಾತ್ರಿಗೆ ಇನ್ನು ನಾಲ್ಕು ವಾರವೂ ಇಲ್ಲ. ಎಳ್ಳು ಕೊಟ್ಟರೆ ಅಪಶಕುನ, ಕೊಡದಿದ್ದರೆ ಹಾಲಿಲ್ಲ.

ತುಂಗಮ್ಮ ಹಸುವಿಗೆ ತನ್ನ ಹೆಸರಿಟ್ಟದ್ದಕ್ಕೆ ಮೊದಲು ಒಂದಿಷ್ಟು ಬೈದಳು. ಅಷ್ಟು ಅವಳಿಗೆ ಸಲ್ಲಬೇಕಾದದ್ದೇ. ಆಮೇಲೆ ಬೆಲ್ಲದ ಅಚ್ಚನ್ನು ಕೈಯಲ್ಲಿ ತಿರುಗಿಸುತ್ತಾ ಕೂತಳು.

"ಸಾಗರದ ಪೇಟೆ ಹೆಂಗಸರು ಸಂಕ್ರಾಂತೀಲಿ ಎಂತಾ ಹಂಚ್ತಾರೆ?"

"ಎಳ್ಳು."

"ಅದು ಯಾರ ತಿಥಿ?"

ಗುತ್ಯಮ್ಮ ಬೆಲ್ಲದ ಅಚ್ಚಿನ ಕಡೆ ನೋಡಿದಳು.

"ಎಳ್ಳಿಗೆ ನೀರು ಸೇರಿದ್ರೆ ತಿಥಿ, ಬೆಲ್ಲ ಸೇರಿದ್ರೆ ಹಬ್ಬ" ಎಂದಳು ತುಂಗಮ್ಮ. "ನಿನ್ನ ಮಗ ನೀರು ಹಾಕಿದ, ಅದೇ ತಪ್ಪು. ಎಳ್ಳಿಂದು ಎಂತಾ ತಪ್ಪಿದೆ?"

ದೊಡ್ಡ ದೊಡ್ಡ ಮಾತು ಕೆಲವು ಸಲ ಜಗಲಿಯ ಮೇಲೆ ಕಾಲು ಚಾಚಿ ಕೂತವರ ಬಾಯಿಂದಲೇ ಬರುವುದು. ಗುತ್ಯಮ್ಮನಿಗೆ ಎದೆಯ ಮೇಲಿನ ಬೀಸುಗಲ್ಲು ಇಳಿದ ಹಾಗಾಯಿತು. ಆ ಸಂಜೆಯೇ ಅಕ್ಕ ತಂಗಿ ಕೂಡಿ ಎಳ್ಳು ಹುರಿದು, ಒರಳಿಗೆ ಹಾಕಿ, ಒಂದಿಷ್ಟು ಮೆಂತ್ಯದ ಹಿಟ್ಟು ಬೆರೆಸಿ, ಬೆಲ್ಲದ ಜೊತೆ ಕುಟ್ಟಿ ಉಂಡೆ ಕಟ್ಟಿದರು. ಬೆಳಿಗ್ಗೆ ಎರಡು, ಸಂಜೆ ಎರಡು. ಮಾರನೆಯ ದಿನ ಮರಿಗೆಯಲ್ಲಿ ಉಂಡೆ ಇಟ್ಟಾಗ ಕಾಗೆ ಬರಲಿಲ್ಲ. ಇರುವೆ ಬಂದವು. ತುಂಗಮ್ಮ ಅದನ್ನೂ ಬಿಡಲಿಲ್ಲ. ಕಾಗೆ ಬಂದರೆ ಹೋದವರದ್ದು, ಇರುವೆ ಬಂದರೆ ಇರುವವರದ್ದು ಎಂದಳು.

ಹಬ್ಬ ಅಂದ ಮೇಲೆ ಹಬ್ಬದ ಕ್ರಮ ಬೇಕಲ್ಲ. ಎಳ್ಳು ಬೆಲ್ಲ ಕೊಟ್ಟ ಕಡೆ ಒಳ್ಳೆಯ ಮಾತಾಡಬೇಕು. ತುಂಗೆ ಮಾತಾಡುವಂತಿಲ್ಲ, ಆದ್ದರಿಂದ ಉಂಡೆ ಕೊಡುವವರೇ ಮಾತಾಡತಕ್ಕದ್ದು ಎಂದು ಗುತ್ಯಮ್ಮ ಕಟ್ಟಳೆ ಮಾಡಿದಳು. ಅವಳಿಗೇನು, ನೀನು ಕಾಮಧೇನು, ನೀನು ಮಹಾಲಕ್ಷ್ಮಿ ಎಂದು ಸಲೀಸಾಗಿ ಹೇಳುತ್ತಿದ್ದಳು. ಕಷ್ಟವಾದದ್ದು ಭೂತಪ್ಪನಿಗೆ. ಒಳ್ಳೆಯ ಮಾತು ಅವನ ಬಾಯಿಗೆ ಅಭ್ಯಾಸವಿರಲಿಲ್ಲ. ಮೊದಲ ದಿನ ಬಹಳ ಹೊತ್ತು ಯೋಚಿಸಿ, ನಿನ್ನ ಬಾಲ ಚೆನ್ನಾಗಿದೆ ಎಂದ. ಎರಡನೆಯ ದಿನವೂ ಬಾಲದ ವಿಷಯವೇ. ಮೂರನೆಯ ದಿನ ಹೊಗಳಲು ಹತ್ತಿರ ಹೋಗಿ ಮೊಳಕಾಲಿಗೆ ಒದೆಸಿಕೊಂಡ. ಒದೆಸಿಕೊಂಡೂ ಕುಂಟುತ್ತಾ ತಿರುಗಿ ಬಂದು, ಕಾಲೂ ಗಟ್ಟಿಯಾಗಿದೆ ಎಂದು ಹೇಳಿದ. ಇದನ್ನು ನೋಡುತ್ತಿದ್ದ ಪುಷ್ಪಮ್ಮ ಅತ್ತೆಗೆ ಕೇಳಿಸುವ ಹಾಗೆ, "ನಂಗೂ ಎರಡು ಉಂಡೆ ಕೊಡಿ ಅತ್ತೆ, ನನ್ನ ಹತ್ರಾನೂ ಒಳ್ಳೆ ಮಾತಾಡ್ತಾರಾ ನೋಡಣ" ಅಂದಳು. ಬಾಣಂತಿಗೆ ಎಳ್ಳು ಒಳ್ಳೆಯದೇ ಎಂದು ಗುತ್ಯಮ್ಮ ಅವಳಿಗೂ ಕೊಟ್ಟಳು. ಅಂದಿನಿಂದ ಭೂತಪ್ಪ ಬೆಳಗಾಗೆದ್ದರೆ ಎರಡು ಕಡೆ ಹೊಗಳಬೇಕಾಯಿತು.

ವಾರ ಕಳೆದರೂ ಹಾಲು ಏರಿದ್ದು ಅರ್ಧ ಬೆರಳು ಮಾತ್ರ. ಕಾರಣ ಪತ್ತೆ ಹಚ್ಚಿದವಳು ತುಂಗಮ್ಮ. ಕೊಟ್ಟಿಗೆಯಿಂದ ಬಂದ ಭೂತಪ್ಪನನ್ನು ನಿಲ್ಲಿಸಿ, ಬಾಯಿ ಬಿಡು ಅಂದಳು. ಹಲ್ಲಿನ ಸಂದಿಯಲ್ಲೆಲ್ಲ ಎಳ್ಳು. ಹೊಗಳುವ ಮಾತು ಹೊಳೆಯುವವರೆಗೆ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದೆ ಎಂದ. ಆಮೇಲೆ ಅವನು ಕೊಟ್ಟಿಗೆಯ ಹೊರಗೇ ನಿಂತು ಹೊಗಳತಕ್ಕದ್ದು ಎಂದಾಯಿತು.

ಅಷ್ಟರಲ್ಲಿ ಗ್ರಾಮಸೇವಕ ಮಹಾಗಣಪತಿಯವರು, ತಮ್ಮ ಸಲಹೆ ಏನಾಯಿತು ಎಂದು ನೋಡಲು ಬಂದರು. ಸೈಕಲ್ ನಿಲ್ಲಿಸಿ ನೋಡಿದರೆ, ಒಬ್ಬ ಗಂಡಸು ಕೊಟ್ಟಿಗೆಯ ಕಿಂಡಿಗೆ ಬಾಯಿಟ್ಟು, ನಿನ್ನಂಥ ಕಿವಿ ಈ ಸೀಮೆಯಲ್ಲೇ ಇಲ್ಲ ಎಂದು ಹೇಳುತ್ತಿದ್ದಾನೆ. ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಕಾಗದದಲ್ಲಿ ಬೆಲ್ಲದ ಪ್ರಸ್ತಾಪ ಇಲ್ಲವಲ್ಲ ಎಂದು ತಲೆ ಕೆರೆದರು.

"ಹಾಕ್ಬಾರ್ದು ಅಂತ ಬರ್ದಿದ್ಯಾ ಸ್ವಾಮಿ?" ಎಂದು ತುಂಗಮ್ಮ ಕೇಳಿದಳು.

ಮಹಾಗಣಪತಿ ಕಟ್ಟು ಬಿಚ್ಚಿ ಎರಡು ಸಲ ಓದಿದರು. ಹಾಗೇನೂ ಬರೆದಿರಲಿಲ್ಲ. ಒಂದು ಉಂಡೆ ತಿಂದು ನೋಡಿ, ಎಂತ ರುಚಿ ಮಾರಾಯ್ರೆ ಎಂದು ಇನ್ನೊಂದು ತಿಂದರು. ಆಮೇಲೆ ಪುಸ್ತಕ ತೆಗೆದು, ಎಳ್ಳನ್ನು ಬೆಲ್ಲದ ಸಮೇತ, ಒಳ್ಳೆಯ ಮಾತಿನ ಸಮೇತ ಕೊಡುವುದು ಈ ಭಾಗದ ರೂಢಿ ಎಂದು ಬರೆದುಕೊಂಡು ಹೋದರು.

ತುಂಗಮ್ಮ ಊರಿಗೆ ಹೊರಡುವ ದಿನ ಹಾಲಮ್ಮ ಧೈರ್ಯ ಮಾಡಿ ಬಂದು ಅವಳ ಕೈ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಅಷ್ಟಾದರೂ, ಬೇಲಿ ಮುರಿದು ಗದ್ದೆಗೆ ಯಾಕೆ ನುಗ್ಗಿದ್ದು ಎಂದು ಕೇಳದೆ ಇರಲಾಗಲಿಲ್ಲ.

ಹಾಲು ಏರತೊಡಗಿತು. ಒಂದು ವಾರಕ್ಕೆ ತಂಬಿಗೆಯ ಹೆಗಲಿಗೆ ಬಂತು. ಇನ್ನೊಂದು ವಾರಕ್ಕೆ ಕುತ್ತಿಗೆಗೆ. ತುಂಗೆಯ ಮೈಗೂ ಎಣ್ಣೆ ಹಚ್ಚಿದ ಹೊಳಪು. ಕುತ್ತಿಗೆಗೆ ಬಂದ ಹಾಲು ಅಲ್ಲೇ ನಿಂತಿತು. ಗುತ್ಯಮ್ಮ ಪ್ರತಿ ಬೆಳಗೂ ತಂಬಿಗೆಯೊಳಗೆ ಬೆರಳಿಟ್ಟು ನೋಡುವಳು. ಬಾಯಿಗೆ ಇನ್ನು ಎರಡೇ ಬೆರಳು. ಉಂಡೆ ಒಂದು ಹೆಚ್ಚು ಕೊಟ್ಟಳು. ಒಳ್ಳೆಯ ಮಾತು ನಾಲ್ಕು ಹೆಚ್ಚು ಆಡಿದಳು. ಎರಡು ಬೆರಳು ಎರಡು ಬೆರಳಾಗಿಯೇ ಉಳಿಯಿತು. ಹಿಂದಿನ ಸಂಜೆ ಕರೆಯದೆ ಬಿಟ್ಟ ಹಾಲನ್ನು ಬೆಳಿಗ್ಗೆಗೆ ಸೇರಿಸಿಕೊಂಡರಾಯಿತು ಎಂದು ಭೂತಪ್ಪ ಹೇಳಿದ್ದಕ್ಕೆ, ದೇವರ ಹತ್ತಿರ ಕಳ್ಳಾಟ ಬೇಡ, ಒಂದು ಕರಾವು ಅಂದರೆ ಒಂದೇ ಕರಾವು ಎಂದಳು.

ಶಿವರಾತ್ರಿ ಬಂತು. ಗುತ್ಯಮ್ಮ ಮಿಂದು ಮಡಿಯುಟ್ಟು, ಉಪವಾಸದ ಬಾಯಲ್ಲಿ ಶಿವನಾಮ ಹೇಳುತ್ತಾ ಕರೆಯಲು ಕೂತಳು. ತುಂಗೆ ಧಾರಾಳವಾಗಿ ಸೊರೆ ಬಿಟ್ಟಳು. ಹಾಲಿನ ಧಾರೆ ಬಿದ್ದು ಬಿದ್ದು ನೊರೆ ಎದ್ದು, ಹೆಗಲು ದಾಟಿ, ಕುತ್ತಿಗೆ ದಾಟಿ, ತಂಬಿಗೆಯ ಬಾಯಿಯ ಮೇಲೆ ಬಿಳೀ ಹೂವಿಟ್ಟ ಹಾಗೆ ನಿಂತಿತು. ನೊರೆ ಇಳಿಯುತ್ತದೆ ಎಂಬುದು ಗೊತ್ತಿಲ್ಲದ ಹೆಂಗಸಲ್ಲ ಅವಳು. ನಲವತ್ತು ವರ್ಷ ಹಾಲು ಕರೆದವಳು. ಆದರೆ ಆಸೆಯ ಕಣ್ಣಿಗೆ ನೊರೆಯೂ ಹಾಲೇ. ಯಾರೂ ನೋಡುವ ಮೊದಲು ಬಾಳೆಲೆ ಮುಚ್ಚಿ, ಬಾಳೆನಾರಿನಲ್ಲಿ ಬಿಗಿದು, ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟಳು. ಹಿಂದೆ ಭೂತಪ್ಪ, ಕೂಸನ್ನೆತ್ತಿಕೊಂಡ ಪುಷ್ಪಮ್ಮ, ಹಾಲಮ್ಮ.

ಇಕ್ಕೇರಿಯ ಗುಡಿಯ ಮುಂದೆ ದೊಡ್ಡ ಬಸವನ ಮಂಟಪ ದಾಟಿ ಜನ ಸಾಲಾಗಿ ನಿಂತಿದ್ದರು. ಬಿಸಿಲು ಏರುವವರೆಗೆ ಸಾಲಿನಲ್ಲಿ ನಿಂತು, ಒಳಗಿನ ತಂಪು ಕಲ್ಲಿನ ಮೇಲೆ ಕಾಲಿಟ್ಟಾಗ ಗುತ್ಯಮ್ಮ ತಂಬಿಗೆ ಇಳಿಸಿ ಎಲೆ ಬಿಚ್ಚಿದಳು. ನೊರೆ ಪೂರಾ ಇಳಿದಿತ್ತು. ಹಾಲು ಕುತ್ತಿಗೆಯಲ್ಲಿ, ಬಾಯಿಗೆ ಸರಿಯಾಗಿ ಎರಡು ಬೆರಳು ಕೆಳಗೆ, ಕಣ್ಣು ಮುಚ್ಚಿದ ಹಾಗೆ ಶಾಂತವಾಗಿ ನಿಂತಿತ್ತು.

ಗುತ್ಯಮ್ಮ ಕದಲಲಿಲ್ಲ. ಹಿಂದಿನವರು ಮುಂದೆ ಹೋಗಿ ಎನ್ನುತ್ತಿದ್ದರು. ಎರಡೇ ಬೆರಳಲ್ಲವೇನವ್ವ ಎಂದು ಭೂತಪ್ಪ ಕಿವಿಯಲ್ಲಿ ಹೇಳಿದ. ಅವಳು ಪುಷ್ಪಮ್ಮನ ಹೆಗಲ ಮೇಲೆ ನಿದ್ದೆ ಹೋಗಿದ್ದ ಕೂಸನ್ನು ನೋಡಿದಳು. ದೇವರು ಕೊಡುವಾಗ ಎರಡು ಬೆರಳು ಕಡಿಮೆ ಮಾಡಿ ಕೊಟ್ಟಿರಲಿಲ್ಲ. ಹತ್ತಕ್ಕೆ ಹತ್ತೂ ಇದ್ದವು. ತಂಬಿಗೆಯನ್ನು ವಾಪಸು ಒಯ್ಯಲೂ ಆರಳು, ಮುಂದಿಡಲೂ ಆರಳು.

ಗರ್ಭಗುಡಿಯ ಹೊಸಿಲ ಬಳಿ ನಿಂತಿದ್ದ ವಯಸ್ಸಾದ ಭಟ್ಟರಿಗೆ ಇದಾವುದೂ ತಿಳಿಯದು. ತಾಯಿ, ಹೊತ್ತಾಯ್ತು ಎಂದು ಕೈ ಚಾಚಿ ತಂಬಿಗೆ ತೆಗೆದುಕೊಂಡು ಒಳಗೆ ಹೋದರು. ಗುತ್ಯಮ್ಮ ಕೈ ಮುಗಿಯಲೂ ಮರೆತು, ಕುತ್ತಿಗೆ ಚಾಚಿ ನೋಡುತ್ತಾ ನಿಂತಳು. ನಂದಾದೀಪದ ಬೆಳಕಿನಲ್ಲಿ ಭಟ್ಟರು ಎರಡೂ ಕೈಯಲ್ಲಿ ತಂಬಿಗೆಯನ್ನು ದೇವರ ನೆತ್ತಿಯ ಮೇಲೆ ಎತ್ತಿದರು. ಮಂತ್ರ ಹೇಳುತ್ತಾ ಮೆಲ್ಲಗೆ ಬಗ್ಗಿಸಿದರು. ತಂಬಿಗೆ ಬಾಗಿತು. ಕುತ್ತಿಗೆಯಲ್ಲಿದ್ದ ಹಾಲು ಜರುಗಿ, ಮೇಲೆ ಬಂದು, ಬಾಯಿಯ ಅಂಚನ್ನು ಮುಟ್ಟಿ, ಅಲ್ಲಿ ಒಂದು ಗಳಿಗೆ ಬೆಳ್ಳಗೆ ಹೊಳೆದು, ಆಮೇಲೆ ದೇವರ ಮೇಲೆ ಇಳಿಯಿತು.

"ಬಾಯಿಗೆ ಬಂತು" ಎಂದಳು ಗುತ್ಯಮ್ಮ.

ಭೂತಪ್ಪನೂ ನೋಡಿದ್ದ. ಬಂದದ್ದು ನಿಜ. ಅವಳು ಹೇಳಿಕೊಂಡದ್ದು ಬಾಯಿಗೆ ಬರುವಷ್ಟು ಹಾಲು. ಬಂದ ಮೇಲೆ ಬಾಯಲ್ಲೇ ನಿಲ್ಲಬೇಕು ಎಂದೇನೂ ಹೇಳಿಕೊಂಡಿರಲಿಲ್ಲ. ಗುತ್ಯಮ್ಮ ಈಗ ಕೈ ಮುಗಿದಳು. ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಎಲ್ಲರ ಪಾತ್ರೆಯೂ ಒಂದಲ್ಲ ಒಂದು ಕಡೆ ಎರಡು ಬೆರಳು ಕಡಿಮೆಯೇ ಇರುತ್ತದೆ, ಅವನ ಮುಂದೆ ಬಾಗಿದಾಗ ತುಂಬಿ ಬರುತ್ತದೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ. ಕೂಸಿನ ಹಣೆಗೆ ತೀರ್ಥ ಮುಟ್ಟಿಸಿ ಹೊರಗೆ ಬಂದಳು.

ತಿರುಗಿ ಬರುವ ದಾರಿಯಲ್ಲಿ ಹಾಲಮ್ಮ ಬಹಳ ಹೊತ್ತು ಏನನ್ನೋ ಯೋಚಿಸುತ್ತಾ ನಡೆಯುತ್ತಿದ್ದಳು. ಕಡೆಗೆ ತಡೆಯಲಾರದೆ ಕೇಳಿದಳು.

"ಅಲ್ವೇ ಗುತ್ಯಮ್ಮ, ಹಂಗೆ ನೋಡಿದ್ರೆ ಅರ್ಧ ತಂಬಿಗೆ ಹಾಲಾದ್ರೂ ಬಗ್ಸಿದ್ರೆ ಬಾಯಿಗೆ ಬರ್ತಿತ್ತಲ್ಲ. ಮತ್ತೆ ಈ ಎಳ್ಳು, ಬೆಲ್ಲ, ನಿನ್ನ ಮಗ ಹಸು ಕಿವಿ ಹೊಗಳಿದ್ದು, ಇಷ್ಟೆಲ್ಲಾ ಎಂತಕ್ಕೆ ಬೇಕಿತ್ತು?"

ಗುತ್ಯಮ್ಮ ಖಾಲಿ ತಂಬಿಗೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಅರ್ಧ ಇದ್ದಿದ್ರೆ ಭಟ್ರು ಎಷ್ಟಂತ ಬಗ್ಸಬೇಕಿತ್ತೇ? ವಯಸ್ಸಾದೋರು, ಕೈ ನೋಯಲ್ವಾ."